ಪರದೆಯ ಆಚೆ ಗುಂಡಿಗೆ

ತೊಣ್ಣೂರಿನ ಸುತ್ತ ದನಗಳನ್ನು ನೋಡುತ್ತಿದ್ದ ಡಾಕ್ಟರು, ಸ್ಟೆತಸ್ಕೋಪನ್ನು ಹಸುವಿನ ಮೈಗೆ ಇಡುವ ಮೊದಲು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದರು. ನಾವು ಏನು ಕೇಳಿದರೂ "ತಡೀರಿ ತಾಯಿ, ಅವಳನ್ನೇ ಕೇಳಾನ" ಅನ್ನುತ್ತಿದ್ದರು.

ಆ ಸಲ ನಮ್ಮ ಕಪ್ಪು ಹಸು ಎರಡು ದಿನದಿಂದ ಮೇವು ಮುಟ್ಟಿರಲಿಲ್ಲ. ಡಾಕ್ಟರು ಬೆನ್ನು ಅದುಮಿದರು, ಅದು ನರಳಿತು.

"ಏನ್ ಆಕಿದ್ರಿ?"

"ದೇವರ ಪಟದ ಹಾರ" ಎಂದೆ. ಬಾಡಿದ ಹೂವನ್ನು ಯಾರೂ ತುಳಿಯಬಾರದೆಂದು ಪ್ರತಿ ಶನಿವಾರ ಹಸುವಿಗೇ ಹಾಕುತ್ತಿದ್ದೆ. ಅಂಗಡಿಯ ಹಾರದೊಳಗೆ ತಂತಿ ಇರುವುದನ್ನು ನಾನು ನೋಡಿರಲಿಲ್ಲ.

ಅವರು ಒಂದು ಕೈಯನ್ನು ಮುಷ್ಟಿ ಮಾಡಿ, ಪಕ್ಕದಲ್ಲಿ ಇನ್ನೊಂದು ಕೈಯನ್ನು ಬಟ್ಟಲಿನಂತೆ ಹಿಡಿದರು. "ಇದು ಗುಂಡಿಗೆ. ಇದು ಎರಡನೇ ಹೊಟ್ಟೆ, ಒಳಗೆಲ್ಲ ಜೇನುಗೂಡಿನಂಗೆ ಇರ್ತದೆ. ತಂತಿ ಅಲ್ಲೇ ಕುಂತ್ಕತದೆ. ಮಧ್ಯ ತೆಳ್ಳಗೆ ಒಂದು ಪರದೆ ಅಷ್ಟೆ. ಹೊಟ್ಟೆ ಹಿಂಡ್ದಾಗೆಲ್ಲ ತಂತಿ ಮುಂದಕ್ಕೋಯ್ತದೆ." ಬಟ್ಟಲಾಗಿದ್ದ ಕೈ ಮುಚ್ಚಿ ತೆರೆಯಿತು.

ತಂತಿಯನ್ನು ಹಿಡಿದಿಡಲು ಒಂದು ಅಯಸ್ಕಾಂತ ನುಂಗಿಸಿದರು. ಅದು ಮುಂದಕ್ಕೆ ಸರಿಯದಿರಲೆಂದು ಹಸುವನ್ನು ಮುಂಗಾಲು ಎತ್ತರದಲ್ಲಿರುವಂತೆ ಕಟ್ಟಿಸಿ, "ಎದೇಲಿ ನೀರು ಕುಲುಕ್ದಂಗೆ ಸದ್ದು ಬಂದ್ರೆ ತಂತಿ ಗುಂಡಿಗೆ ಮುಟ್ತು ಅಂತ, ಆಮೇಲೆ ನನ್ ಕೈಲಿಲ್ಲ" ಎಂದರು. ಅವರು ಹೋದ ಮೇಲೆ ಹೊತ್ತುಹೊತ್ತಿಗೂ ಹಸುವಿನ ಎದೆಗೆ ಕಿವಿಯಿಟ್ಟೆ. ನನ್ನದೇ ಬಡಿತ ಕೇಳಿಸಿ ಬೆಚ್ಚುತ್ತಿದ್ದೆ.

ನಾಲ್ಕನೆಯ ದಿನ ಬಂದವರು ತುಂಬ ಹೊತ್ತು ಆಲಿಸಿದರು.

"ಉಲ್ಲು ತನ್ನಿ" ಎಂದರು.

ಹಸು ಕತ್ತು ಚಾಚಿತು. ನಾನು ಹುಲ್ಲನ್ನು ಎಳೆ ಎಳೆಯಾಗಿ ಬೆರಳಲ್ಲಿ ಸವರಿ ನೋಡಿ ಹಾಕಿದೆ. ಅಷ್ಟು ಹೊತ್ತೂ ಅವರು ಅವಸರ ಮಾಡಲಿಲ್ಲ.