ಶನಿವಾರದ ಗಂಟೆಗೆ ಒಂದು ಹುಣಸೆ ಬೀಜ

ಗಣಿತ ಕಲಿಸುವುದು ನನಗೆ ನೀರು ಕುಡಿದಷ್ಟು ಸಲೀಸು ಎಂದು ಎಲ್ಲರೆದುರು ಹೇಳಿಕೊಂಡು ಓಡಾಡುವವಳು ನಾನು. ಈಗಲೂ ಹೇಳುತ್ತೇನೆ, ಸ್ವಲ್ಪ ದನಿ ತಗ್ಗಿಸಿ. ಬೆಳಗಾವಿಯ ಶಿವಬಸವ ನಗರದ ಮನೆಯಿಂದ ಖಾನಾಪುರದ ಹತ್ತಿರದ ಒಂದು ಪ್ರಾಥಮಿಕ ಶಾಲೆಗೆ ದಿನಾ ರೈಲಿನಲ್ಲಿ ಹೋಗಿಬರುತ್ತೇನೆ. ದೇಸೂರ ಸ್ಟೇಷನ್ ದಾಟುವಷ್ಟರಲ್ಲಿ ಅವತ್ತಿನ ಪಾಠ ತಲೆಯಲ್ಲಿ ಸಿದ್ಧವಾಗಿರುತ್ತದೆ.

ನಾಲ್ಕನೇ ತರಗತಿಗೆ ಆಕಾರಗಳನ್ನು ಕಲಿಸುವಾಗ ನಾನು ಚಾರ್ಟ್ ತೂಗುಹಾಕುವುದಿಲ್ಲ. ಮಕ್ಕಳೇ ಹಂಚಿನ ಚೂರು, ಮಡಕೆಯ ಮುಚ್ಚಳ, ಊಟದ ಡಬ್ಬಿ ತರುತ್ತಾರೆ. ಒಂದು ಹಲಗೆಯನ್ನು ಓರೆಯಾಗಿ ಇಟ್ಟು, ಯಾವುದು ಉರುಳುತ್ತದೆ, ಯಾವುದು ಜಾರುತ್ತದೆ, ಯಾವುದು ಜಪ್ಪಯ್ಯ ಅಂದರೂ ಅಲುಗುವುದಿಲ್ಲ ಎಂದು ನೋಡುತ್ತೇವೆ. ಚಪ್ಪಟೆ ಮೈ, ಗುಂಡು ಮೈ ಒಂದೇ ದಿನದಲ್ಲಿ ಅವರ ತಲೆಗೆ ಹೋಗುತ್ತದೆ.

ಮುಂದಿನ ವಾರ ಸಂಭವನೀಯತೆ. ಆ ದೊಡ್ಡ ಪದವನ್ನು ನಾನು ಬಾಯಿಗೂ ತರಲಿಲ್ಲ. ಚೌಕಾಬಾರ ಆಡಲು ಮಾಡಿಕೊಳ್ಳುವ ಹಾಗೆ ಒಂದು ಹುಣಸೆ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿ, ಇನ್ನೊಂದನ್ನು ಕರಿಯಾಗಿಯೇ ಬಿಟ್ಟು ಒಯ್ದೆ. ಎಸೆದರೆ ಬಿಳಿ ಬೀಳಬಹುದು, ಕರಿ ಬೀಳಬಹುದು, ಎರಡಕ್ಕೂ ಸಮಸಮ ಅವಕಾಶ ಎಂದೆ.

ಪಾಠ ಬರೀ ಬಾಯಿಮಾತಾಗಬಾರದೆಂದು ಅದಕ್ಕೆ ಶಾಲೆಯ ಗಂಟೆಯನ್ನೂ ಜೋಡಿಸಿದೆ. ನಮ್ಮ ಗಂಟೆ ಎಂದರೆ ಮಾವಿನ ಮರಕ್ಕೆ ಕಟ್ಟಿದ ರೈಲು ಹಳಿಯ ತುಂಡು. ಶನಿವಾರ ಶಾಲೆ ಬಿಡುವಾಗ ಅದನ್ನು ಬಾರಿಸುವುದೆಂದರೆ ಮಕ್ಕಳಿಗೆ ಪ್ರಾಣ. ಪ್ರತಿ ಶನಿವಾರ ಬೀಜ ಎಸೆಯುವುದು. ಬಿಳಿ ಬಿದ್ದರೆ ಕಿಟಕಿ ಸಾಲಿನವರು, ಕರಿ ಬಿದ್ದರೆ ಬಾಗಿಲ ಸಾಲಿನವರು, ಕೂತ ಕ್ರಮದಲ್ಲಿ ಒಬ್ಬೊಬ್ಬರಾಗಿ ಬಾರಿಸುವುದು. ಆರು ಶನಿವಾರಗಳಲ್ಲಿ ಕರಿ ಬಿದ್ದದ್ದು ಒಂದೇ ಸಲ.

ಬಾಗಿಲ ಸಾಲಿನಲ್ಲಿ ಎರಡನೆಯವಳು ಆ ಹುಡುಗಿ. ಮನೆಮಾತು ಮರಾಠಿ. ಜೂನ್‌ನಲ್ಲಿ ನಮ್ಮ ಕನ್ನಡ ಶಾಲೆಗೆ ಸೇರಿದಾಗಿನಿಂದ ತರಗತಿಯಲ್ಲಿ ತಾನಾಗಿ ತುಟಿ ಬಿಚ್ಚಿದವಳಲ್ಲ. ಆರನೆಯ ಶನಿವಾರ ಅವಳು ತನ್ನ ವಹಿ, ಅಂದರೆ ನೋಟ್‌ಬುಕ್ಕು, ಹಿಡಿದು ನನ್ನ ಮೇಜಿನ ಹತ್ತಿರ ಬಂದಳು.

“ಅಕ್ಕೋರ, ಇದು ಸಮ ಇಲ್ರಿ. ಬಿಳೀನ ಹೆಚ್ಚ ಬೀಳ್ತೈತ್ರಿ.”

ನನಗೆ ರೇಗಿತು. ಇಷ್ಟು ದಿನ ಬಾಯಿ ಬಿಡದವಳು ಬಾಯಿ ಬಿಟ್ಟದ್ದು ನನ್ನ ತಪ್ಪು ಎತ್ತಿ ತೋರಿಸಲಿಕ್ಕೇ? “ಸೋತವರೆಲ್ಲಾ ಹಿಂಗ ಅಂತಾರ. ಹೋಗಿ ಕುಂದ್ರು” ಎಂದೆ. ಮಕ್ಕಳು ನಕ್ಕರು. ಅವಳು ವಹಿ ಮುಚ್ಚಿಕೊಂಡು ಹೋಗಿ ಕೂತಳು. ಅದರಲ್ಲಿ ಏನಿದೆ ಎಂದು ನಾನು ಕೇಳಲಿಲ್ಲ. ಮುಂದೆ ಎರಡು ವಾರ, ಹಾಜರಿ ಕರೆದಾಗಲೂ ಅವಳು ಬರೀ ಕೈ ಎತ್ತುತ್ತಿದ್ದಳು.

ಒಂದು ಭಾನುವಾರ ಅತ್ತೆ ರವಿವಾರ ಪೇಟೆಯಿಂದ ತರಿಸಿದ ವರ್ಷದ ಹುಣಸೆಹಣ್ಣನ್ನು ಹರವಿಕೊಂಡು ಬೀಜ ಬಿಡಿಸುತ್ತಿದ್ದರು. ನಾನೂ ಕೂತು, ಈ ಕತೆಯನ್ನು ತಮಾಷೆಯಾಗಿ ಹೇಳಿದೆ. ಅತ್ತೆ ನಗಲಿಲ್ಲ. ಚೌಕಾಬಾರದಲ್ಲಿ ಅವರನ್ನು ನಮ್ಮ ಓಣಿಯಲ್ಲಿ ಯಾರೂ ಸೋಲಿಸಿಲ್ಲ.

“ಆಟದಾಗ ನಾಕೂ ಬೀಜ ಬಿಳಿ ಬಿದ್ರ ನಾಕು. ನಾಕೂ ಕರಿ ಬಿದ್ರ ಎಂಟ ಯಾಕ ಕೊಡ್ತಾರ, ಹೇಳು ನೋಡೂಣು” ಎಂದರು.

ಬಾಲ್ಯವೆಲ್ಲ ಆ ಆಟ ಆಡಿದ್ದೇನೆ, ಎಂಟು ಬಿದ್ದಾಗ ಓಣಿಗೆಲ್ಲ ಕೇಳುವಂತೆ ಕೂಗಿದ್ದೇನೆ. ಅಪರೂಪಕ್ಕೆ ಬೀಳುವುದಕ್ಕೆ ಹೆಚ್ಚು ಕೊಡುತ್ತಾರೆ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಒಂದು ಬೀಜ ತಿಕ್ಕಿ ಅಡುಗೆಮನೆಯ ನೆಲದ ಮೇಲೆ ನೂರು ಸಲ ಎಸೆದೆ. ಬಿಳಿ ಅರವತ್ತು ದಾಟಿತು. ಬೀಜವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ತಿಕ್ಕಿದ ಮಗ್ಗುಲು ಚಪ್ಪಟೆ, ತಿಕ್ಕದ ಬೆನ್ನು ಗುಂಡು; ಬೀಜ ಹೆಚ್ಚು ಸಲ ಆ ಬೆನ್ನಿನ ಮೇಲೆ ಕೂತು ಬಿಳಿಯನ್ನು ಮೇಲೆ ಮಾಡುತ್ತಿತ್ತು. ಬೀಜ ಒಯ್ಯುವ ಹಿಂದಿನ ವಾರವಷ್ಟೇ ಆಕಾರದ ಪಾಠ ಮುಗಿಸಿ ಬೀಗಿದ್ದವಳು ನಾನು. ಬೀಜದ ಬಣ್ಣ ನೋಡಿದ್ದೆ, ಆಕಾರ ನೋಡಿರಲಿಲ್ಲ. ನಾಚಿಕೆಯಾಯಿತು. ಲೆಕ್ಕ ತಪ್ಪಿದ್ದಕ್ಕಿಂತ ಹೆಚ್ಚಾಗಿ, ಆ ವಹಿಯನ್ನು ತೆರೆಸದೆ ಕಳಿಸಿದ್ದಕ್ಕೆ.

ಸೋಮವಾರ ತರಗತಿಯಲ್ಲಿ ನಿಂತು, ತಪ್ಪು ನನ್ನದು, ಅವಳು ಹೇಳಿದ್ದೇ ಖರೆ ಎಂದು ಒಪ್ಪಿಕೊಂಡೆ. ವಹಿ ತೋರಿಸುತ್ತೀಯಾ ಎಂದು ಅವಳನ್ನು ಕೇಳಿದೆ. ಮನೆಯಲ್ಲಿ ತಾನೇ ತಿಕ್ಕಿದ ಬೀಜವನ್ನು ಎಸೆದೆಸೆದು ಗೀಟು ಹಾಕಿದ್ದಳು. ಕರಿಯ ಗೀಟುಗಳು ಅರ್ಧ ಪುಟಕ್ಕೇ ನಿಂತಿದ್ದವು, ಬಿಳಿಯವು ಪುಟದ ಕೊನೆಯವರೆಗೂ ಇಳಿದಿದ್ದವು. ಈ ವಾರ ಗಂಟೆ ನೀನೇ ಬಾರಿಸು ಎಂದೆ. ಬೇಡ ಎಂದು ತಲೆಯಾಡಿಸಿದಳು. ಆ ತಲೆಯಾಟ ನನ್ನನ್ನು ವಾರವೆಲ್ಲ ಕಾಡಿತು. ಈ ವಾರ ಬಾಗಿಲ ಸಾಲಿಗೆ ಬಿಳಿ, ಮರುವಾರ ಕಿಟಕಿ ಸಾಲಿಗೆ ಬಿಳಿ, ಹೀಗೆ ಅದಲುಬದಲು ಎಂದು ಮಕ್ಕಳೇ ಕೂಡಿ ತೀರ್ಮಾನ ಮಾಡಿದರು.

ಶನಿವಾರ ಬಂತು. ಬಿಳಿ ಬಾಗಿಲ ಸಾಲಿನದು, ಪಾಳಿ ಅವಳದು. ಈ ಸಲ ಅವಳೇ ಬಾರಿಸುತ್ತಾಳೆ ಎಂದು ಎಲ್ಲರಿಗೂ ಖಾತ್ರಿ. ನಾನು ಬೀಜ ಎಸೆದೆ.

ಕರಿ ಬಿತ್ತು.

ಇನ್ನು ಇವಳು ಈ ವರ್ಷ ಬಾಯಿ ಬಿಟ್ಟ ಹಾಗೇ ಅಂದುಕೊಂಡೆ. ಹಿಂದಿನಿಂದ ಯಾರೋ, ನಿನ್ನ ವಹಿ ಸುಳ್ಳು ಎಂದು ಅವಳನ್ನು ಛೇಡಿಸಿದರು. ಅವಳು ಎದ್ದು ನಿಂತು, ನನ್ನ ಕಡೆ ನೋಡದೆ, ಇಡೀ ತರಗತಿಗೆ ಕೇಳುವ ಹಾಗೆ ಹೇಳಿದಳು:

“ಕರೀನೂ ಬೀಳ್ತೈತಿ. ಕಮ್ಮಿ ಬೀಳ್ತೈತಿ, ಅಷ್ಟ.”

ಗಂಟೆ ಬಾರಿಸಲು ಕಿಟಕಿ ಸಾಲಿನವರು ಓಡಿದರು. ನಾನು ಅವಳ ಮಾತನ್ನು ಅವಳು ಹೇಳಿದ ಹಾಗೆಯೇ ಕರಿಹಲಗೆಯ ಮೇಲೆ ಬರೆದೆ. ಸೋಮವಾರದ ಪಾಠ ಅಲ್ಲಿಂದಲೇ ಶುರುವಾಯಿತು, ಕಲಿಸಿದವಳು ಅವಳು.