ಹಿಮವನ್ನು ಎರಡೂ ಕಡೆಯಿಂದ ತೆಗೆಯಬೇಕು

ನಮ್ಮ ಮನೆಯಲ್ಲಿ ಶುಕ್ರವಾರಗಳಂದು ಹಿಮ ಬೀಳುತ್ತಿತ್ತು. ಮನೆ ಇದ್ದದ್ದು ದುಬೈನ ಅಲ್ ನಹ್ದಾದಲ್ಲಿ, ಹಿಮ ಬೀಳುತ್ತಿದ್ದದ್ದು ಹಳೆಯ ಫ್ರಿಜ್ಜಿನಿಂದ. ಒಂದು ವಾರ ಬಿಟ್ಟರೆ ಸಾಕು, ಫ್ರೀಜರಿನ ಒಳಗೆಲ್ಲ ಬೆಳ್ಳಗೆ ಕಟ್ಟಿಕೊಂಡು, ಬಟಾಣಿ ಪೊಟ್ಟಣ ಬಿಡಿಸಿಕೊಳ್ಳಲು ಹೆಣಗಾಡಬೇಕಾಗುತ್ತಿತ್ತು. ರಜೆಯ ದಿನ ಅದನ್ನು ಕೆರೆಯುವುದು ನಮ್ಮವರ ಕೆಲಸ. ಮನೆಗೆಲಸದಲ್ಲಿ ಅವರು ಯಾರೂ ಹೇಳದೆ ಮಾಡುತ್ತಿದ್ದದ್ದು ಅದೊಂದೇ.

ಆ ಕೊನೆಯ ಶುಕ್ರವಾರವೂ ಹಾಗೆಯೇ ಇತ್ತು. ಉಪ್ಪಿಟ್ಟು ತಿಂದು, ಮರದ ಸೌಟು ಹಿಡಿದು, ಕೆರೆದ ಹಿಮವನ್ನು ತಾಟಿಗೆ ತುಂಬಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತರು. ಎದುರಿಗೆ ಮಗಳು ನೇಹಾ ರಟ್ಟಿನಿಂದ ಮಾಡಿದ ಪುಟ್ಟ ಮನೆ. ಅದರ ಇಳಿಜಾರು ಛಾವಣಿಯ ಮೇಲೆ ಚಿಟಿಕೆ ಚಿಟಿಕೆಯಾಗಿ ಹಿಮ ಉದುರಿಸುತ್ತ ಪಾಠ ಶುರು ಮಾಡಿದರು.

“ಇದು ಹೊಸಾ ಹಿಮಾ, ಹಗುರ ಇರ್ತದ. ಇದು ತಳದಾಗಿಂದು, ಹಳೇದು, ಒತ್ತಿ ಕೂತದ. ಇದರ ಮ್ಯಾಲೆ ಒಂದು ಮಳಿ ಬಿತ್ತಂದ್ರ ನೀರೆಲ್ಲಾ ಕುಡದು ಕಲ್ಲಾಗ್ತದ.”

“ಪಪ್ಪಾ, ಇಟ್ಸ್ ಮೆಲ್ಟಿಂಗ್!”

“ಆಗ್ಲಿ ಬಿಡು. ಎಲ್ಲಿಂದ ಹನೀತದ ನೋಡ್ಕೋ.”

“ಹನಿಯೋದು ನನ್ನ ನೆಲದ ಮ್ಯಾಲೆ,” ಎಂದೆ ನಾನು. “ಒರಸೋರು ಯಾರು?”

“ಹಿಮಾ ಬೀಳೋ ದೇಶದಾಗ ಹೆಂಡ್ರು ಹಿಂಗ ಕೇಳೂದಿಲ್ಲ.”

“ಹೋಗಿ ನೋಡಿ ಬಂದೀರೇನು?”

ಅವರು ಛಾವಣಿಗೆ ಇನ್ನೊಂದು ಚಿಟಿಕೆ ಹಿಮ ಉದುರಿಸಿದರು. ಹಿಮದ ತೂಕ ಲೆಕ್ಕ ಹಾಕುವುದೇ ಅವರ ಹೊಟ್ಟೆಪಾಡಾಗಿದ್ದರೂ ಹಿಮವನ್ನು ಅವರು ಕಣ್ಣಾರೆ ಕಂಡಿರಲಿಲ್ಲ. ಸಿದ್ಧಮನೆಗಳನ್ನು ಮಾಡಿ ಹಡಗಿಗೆ ಹಾಕುವ ಕಂಪನಿಯೊಂದರಲ್ಲಿ ಅವರು ನಕ್ಷೆ ಬರೆಯುತ್ತಿದ್ದರು. ಆ ಮನೆಗಳು ಎಲ್ಲೆಲ್ಲಿಯೋ ಚಳಿಯ ಗುಡ್ಡಗಾಡುಗಳಿಗೆ ಹೋಗುತ್ತಿದ್ದವು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಜುಲೈ ತಿಂಗಳಲ್ಲಿ, ಇವರು ಏಸಿಯ ಕೆಳಗೆ ಕೂತು, ಯಾರದೋ ಮನೆಯ ಮೇಲೆ ಜನವರಿಯಲ್ಲಿ ಬೀಳಲಿರುವ ಹಿಮಕ್ಕೆ ತೊಲೆ ಸಾಕೇ ಎಂದು ಚಿಂತಿಸುತ್ತಿದ್ದರು. ಸಂಜೆ ಬೆವರಿನಲ್ಲಿ ತೊಯ್ದ ಅಂಗಿ ತೊಟ್ಟು ಬಂದು, “ಇವತ್ತ ಭಾಳ ಹಿಮಾ ಬಿತ್ತು,” ಎನ್ನುವರು.

ಛಾವಣಿಯ ಚಿಂತೆ ಅವರಿಗೆ ಕಂಪನಿ ಹಚ್ಚಿದ್ದಲ್ಲ. ಗದಗಿನ ಕಡೆ ಅವರದು ಮಣ್ಣಿನ ಮಾಳಿಗೆಯ ಮನೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಸೋರದಿರಲೆಂದು ಮಾಳಿಗೆಗೆ ಹೊಸ ಮಣ್ಣು ಹಾಕುವುದು ವಾಡಿಕೆ. ಹಳೆಯದನ್ನು ತೆಗೆಯುವ ವಾಡಿಕೆ ಮಾತ್ರ ಯಾರಿಗೂ ಇಲ್ಲ. ವರ್ಷ ವರ್ಷ ಮಣ್ಣು ಏರಿ, ಮಳೆ ಕುಡಿದು, ಜಂತಿಗಳು ಕರಕರ ಎನ್ನುತ್ತಿದ್ದವಂತೆ. ಆ ಸದ್ದು ಕೇಳಿಕೊಂಡು ಮಲಗಿದವನಿಗೆ ಹಿಮ ಅರ್ಥವಾಗಲು ಹಿಮ ನೋಡಬೇಕಿಲ್ಲ ಎಂಬುದು ಅವರ ವಾದ.

ನನಗಂತೂ ಹಿಮ ಎಂದರೆ ಹತ್ತಿ. ಎದುರು ಫ್ಲಾಟಿನ ಲಿಲ್ಲಿ, ಮಂಗಳೂರಿನ ಕಡೆಯ ನರ್ಸ್, ಕ್ರಿಸ್‌ಮಸ್ಸಿಗೆ ಗೋದಲಿ ಕಟ್ಟುವಾಗ ಯೇಸುಕಂದನ ಗುಡಿಸಲಿನ ಮೇಲೆ ಆಸ್ಪತ್ರೆಯ ಹತ್ತಿ ಹರಡುತ್ತಿದ್ದಳು. ಒಂದು ವರ್ಷ ನಮ್ಮವರು ಕೇಕು ಕೈಯಲ್ಲಿ ಹಿಡಿದೇ ಬಗ್ಗಿ ನೋಡಿ, ಇಳಿಜಾರು ಸಾಲದು, ಈ ಛಾವಣಿ ಕುಸಿಯುತ್ತದೆ ಎಂದುಬಿಟ್ಟರು. “ಎಂತ ಮಾರಾಯ್ರೆ, ದೇವರ ಮಗನ ಮನೆಗೂ ನಿಮ್ಮ ಪರ್ಮಿಷನ್ ಬೇಕಾ?” ಎಂದಳು ಲಿಲ್ಲಿ. ಮರುವರ್ಷ ಗುಡಿಸಲಿನ ಛಾವಣಿ ಇನ್ನಷ್ಟು ಇಳಿಜಾರಾಗಿತ್ತು.

ಕೇಳಿ ಕೇಳಿ ಪಾಠ ನನಗೂ ಬಾಯಿಪಾಠವಾಗಿತ್ತು. ಗಾಳಿ ಬೀಸಿದರೆ ಹಿಮ ಎತ್ತರದ ಗೋಡೆಯ ಮರೆಯಲ್ಲಿ ರಾಶಿ ಬೀಳುತ್ತದೆ. ಮೇಲೆ ಹತ್ತಬಾರದು, ಉದ್ದ ಹಿಡಿಕೆಯ ಕುಂಟೆಯಿಂದ ಕೆಳಗೆ ನಿಂತೇ ಎಳೆಯಬೇಕು. ಛಾವಣಿಯ ತಗಡಿಗೆ ಗೀರು ಬೀಳದಂತೆ ತೆಳ್ಳನೆಯ ಒಂದು ಪದರ ಬಿಡಬೇಕು. ಮನೆಯೊಳಗಿನ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ ಮೇಲೆ ತೂಕ ಮೀರಿದೆ ಎಂದು ತಿಳಿಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಅವರು ಸೌಟು ಅಲ್ಲಾಡಿಸಿ ಹೇಳುತ್ತಿದ್ದರು: “ಒಂದ ಕಡಿಯಿಂದ ಪೂರ್ತಿ ತಗೀಬಾರದು. ಈ ಕಡೆ ಸ್ವಲ್ಪ, ಆ ಕಡೆ ಸ್ವಲ್ಪ. ಭಾರಾ ಹೊತ್ತು ನಿಂತ ಮನಿ, ಭಾರಾ ಇಳಸೋವಾಗ ಬೀಳ್ತದ.”

ಮರುದಿನ, ಶನಿವಾರ, ಕಂಪನಿಯ ಯಾರ್ಡಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಊರಿಗೆ ಹೋಗಿ ಎಲ್ಲ ಮುಗಿಸಿ ಬಂದೆವು. ಅಬುಧಾಬಿಯ ಬನಿಯಾಸ್‌ನಲ್ಲಿದ್ದ ಭಾವ, ನಮ್ಮವರ ಅಣ್ಣ, ಒಂದು ಶುಕ್ರವಾರ ಪಿಕಪ್ಪಿನಲ್ಲಿ ಖಾಲಿ ಕಾರ್ಟನ್ ತುಂಬಿಕೊಂಡು ಬಂದರು. ನಾವು ಫ್ಲಾಟು ಬಿಟ್ಟು ಊರಿಗೆ ಹೊರಡಬೇಕೆಂಬುದು ಅವರ ತೀರ್ಮಾನ. ನನಗೋ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸವಿತ್ತು, ವೀಸಾ ನನ್ನದೇ ಇತ್ತು. ನೇಹಾಳ ಪರೀಕ್ಷೆ ಇನ್ನೂ ದೂರವಿತ್ತು. ಹೋಗಬೇಕೋ ಇರಬೇಕೋ ಎಂದು ನನಗೆ ತಿಳಿಯುತ್ತಿರಲಿಲ್ಲ. ತಿಳಿಯದವಳ ಪರವಾಗಿ ತಿಳಿದವರು ಕೆಲಸ ಶುರುಮಾಡುತ್ತಾರೆ.

“ನೋಡವಾ, ನೋಡಿದಷ್ಟೂ ಸಂಕಟ. ಮೊದಲ ಅವನ ಸಾಮಾನು ತೆಗದ ಬಿಡೂಣು. ಸಂಜೀಕ ಖಲಾಸ್,” ಎಂದರು ಭಾವ. ಒಳ್ಳೆಯ ಮನಸ್ಸಿನಿಂದಲೇ ಎಂದರು. ಮಧ್ಯಾಹ್ನದೊಳಗೆ ಅಲ್ಮಾರಿನ ಅವರ ಬದಿ ಪೂರ್ತಿ ಖಾಲಿಯಾಯಿತು. ನನ್ನ ಬದಿಯಲ್ಲಿ ಸೀರೆ, ರಜಾಯಿ, ಊರಿಗೆ ಒಯ್ಯಲೆಂದು ಕೂಡಿಟ್ಟ ಸ್ಟೀಲಿನ ಡಬ್ಬಿಗಳು ಹಾಗೇ ಇದ್ದವು. ಭಾವ ಕಾರ್ಟನ್ ಇಳಿಸುತ್ತಿದ್ದಾಗ ನಾನು ಅಲ್ಮಾರು ಮುಚ್ಚಲು ಹೋದೆ. ಬಾಗಿಲು ಬರಲಿಲ್ಲ. ರಟ್ಟಿನಂಥ ಹಲಗೆಯ ಅಗ್ಗದ ಅಲ್ಮಾರು, ನನ್ನ ಬದಿಗೆ ವಾಲಿ ನಿಂತಿತ್ತು.

ನೇಹಾ ಹಿಂದೆ ನಿಂತು ನೋಡುತ್ತಿದ್ದಳು. ಅಪ್ಪ ಹೋದ ಮೇಲೆ ಅಪ್ಪನ ಮಾತನ್ನು ಅವಳು ಎತ್ತಿರಲೇ ಇಲ್ಲ. ಈಗ ಮೆಲ್ಲಗೆ, “ಅಮ್ಮಾ, ಒಂದೇ ಸೈಡ್ ತೆಗೆದ್ರಿ,” ಎಂದಳು. “ಪಪ್ಪಾ ಸೆಡ್ ನಾಟ್ ಟು.”

ನಾನು ಅಲ್ಲಿಯೇ ಕೂತು ಅತ್ತೆ, ಅವಳೂ ಅತ್ತಳು. ಆಮೇಲೆ ಮುಖ ತೊಳೆದು, ಕೆಳಗಿಳಿದು, ಪಿಕಪ್ಪಿನ ಪಕ್ಕ ನಿಂತೆ. ಭಾವನ ಎದುರು ನಾನು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ.

“ಎಲ್ಲಾ ವಾಪಸ್ ಮ್ಯಾಲೆ ತರ್ರಿ ಭಾವಾ. ನಾವು ಹೋಗೂದಿಲ್ಲ. ಇಕಿ ಸಾಲಿ ಮುಗಿಯೂ ತನಕಾ ಇಲ್ಲೇ ಇರ್ತೀವಿ. ಸಾಮಾನು ನಾನ ತಗೀತೀನಿ, ಸಾವಕಾಶ.”

ಭಾವ ಒಂದು ಕಾರ್ಟನ್ ಹೆಗಲಿಗೇರಿಸಿ, “ಸತ್ತ ಮ್ಯಾಲೂ ನನ್ನ ಕೈಲೆ ಸಾಮಾನು ಹೊರಸಾಕತ್ತಾನ ನೋಡು, ನನ್ನ ತಮ್ಮ,” ಎಂದು ತೋಳಿನಿಂದ ಕಣ್ಣೊರೆಸಿಕೊಂಡರು.

ಅಂದಿನಿಂದ ಶುಕ್ರವಾರದ ನಿಯಮ ಒಂದೇ: ಅವರ ಬದಿಯಿಂದ ಒಂದು ವಸ್ತು, ನನ್ನ ಬದಿಯಿಂದ ಒಂದು. ಅವರ ಒಂದು ಅಂಗಿ ಹೋದರೆ ನನ್ನ ಒಂದು ಸೀರೆ. ಅವರ ಬೂಟು ಹೋದ ವಾರ, ನೆಂಟರ ಹಿಂಡಿಗೆಂದು ಕೊಂಡು ಒಮ್ಮೆಯೂ ಒಲೆಗೇರದ ದೊಡ್ಡ ಕುಕ್ಕರು ಲಿಲ್ಲಿಯ ಮನೆಗೆ ಹೋಯಿತು. ಹೋದವರ ಸಾಮಾನು ಎಷ್ಟು ಕಡಿಮೆ, ನನ್ನದು ಎಷ್ಟು ಹೆಚ್ಚು ಎಂಬುದು ಆಗ ಗೊತ್ತಾಗಿ ನಾಚಿಕೆಯಾಯಿತು. ಅವರದು ಬೇಗ ಮುಗಿಯದಿರಲೆಂದು ಕೆಲವು ವಾರ ಒಂದು ಕಾಲುಚೀಲವನ್ನಷ್ಟೇ ಲೆಕ್ಕಕ್ಕೆ ಹಿಡಿದದ್ದೂ ಉಂಟು. ಕಂಪನಿ ಎಂದಾದರೂ ಚಳಿಯ ದೇಶಕ್ಕೆ ಕಳಿಸೀತೆಂದು ಕೊಂಡಿದ್ದ ಉಣ್ಣೆಯ ಕೋಟು ಮಾತ್ರ ಅಲ್ಮಾರಿನಲ್ಲೇ ಇದೆ. ತೆಳ್ಳನೆಯ ಒಂದು ಪದರ ಬಿಡಬೇಕು ಎಂದಿದ್ದಾರಲ್ಲ.

ಅಲ್ಮಾರು ಈಗ ನೆಟ್ಟಗಿದೆ, ಬಾಗಿಲು ಸಲೀಸಾಗಿ ಮುಚ್ಚುತ್ತದೆ. ನೇಹಾಳ ಶಾಲೆ ನಡೆದಿದೆ. ಹಿಮ ಕಟ್ಟದ ಹೊಸ ಫ್ರಿಜ್ಜು ಕೊಡಿಸುತ್ತೇನೆಂದು ಭಾವ ಹೇಳುತ್ತಲೇ ಇರುತ್ತಾರೆ, ನಾನು ಬೇಡ ಎನ್ನುತ್ತಲೇ ಇರುತ್ತೇನೆ. ಶುಕ್ರವಾರ ನಾನೂ ಮಗಳೂ ಸೌಟು ಹಿಡಿದು ಫ್ರೀಜರು ಕೆರೆಯುತ್ತೇವೆ, ತಾಟಿಗೆ ತುಂಬುತ್ತೇವೆ, ನೆಲ ಒರೆಸುತ್ತೇವೆ. ಆ ಹಿಮವನ್ನು ಅಂಗೈಯಲ್ಲಿ ಹಿಡಿದು, ಇದು ಹೊಸ ಹಿಮ, ಇದು ಹಳೆಯದು ಎಂದು ಹೇಳುವವರು ಇಲ್ಲ.