ಮಹಡಿ ಹತ್ತಿದ ಬಸ್ ಸಾಹುಕಾರರು

ಪೋಂ… ಪೋಂ… ರಬ್ಬರ್ ಬುರುಡೆ ಹಿಚುಕಿದರೆ ಕೂಗುತ್ತಿದ್ದ ಆ ಹಳೇ ಬಸ್ಸಿನ ಹಾರ್ನು ಮೊನ್ನೆ ಇದ್ದಕ್ಕಿದ್ದಂತೆ ಕಿವಿಯಲ್ಲಿ ಕೇಳಿಸಿತು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಕೆಟ್ಟಿತ್ತು. ಕಂಪನಿಯವರು ಬಾಗಿಲಿಗೆ ಕಾಗದ ಅಂಟಿಸಿ ಹೋಗಿದ್ದರು: ‘ವೀ ಡೀಪ್ಲಿ ರಿಗ್ರೆಟ್.’ ಯಾರಪ್ಪಾ ಈ ‘ವೀ’? ಮುಖ ತೋರಿಸಲಾರದ ಹೇಡಿಗಳು!

ಎರಡನೇ ಮಹಾಯುದ್ಧದ ಕಾಲದಲ್ಲಿ, ಪೆಟ್ರೋಲು ಸಿಗದೆ, ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಇದ್ದಿಲ ಗ್ಯಾಸಿನ ಬಸ್ಸು ಓಡಿಸುತ್ತಿದ್ದ ಸಾಹುಕಾರರಿಗೆ ಮುಖವಿತ್ತು. ಮಸಿ ಮೆತ್ತಿದ ಮುಖ. ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ತಾವೇ ನಿಂತು, “ಇದ್ಲು ನೆಂದ್ಬಿಟ್ಟೈತೆ ಕಣ್ರಮ್ಮಾ, ಲೇಟಾಯ್ತದೆ. ಬಯ್ಯೋದಿದ್ರೆ ನನ್ನೇ ಬಯ್ರಿ” ಅನ್ನುತ್ತಿದ್ದರು. ಜನ ಚೆನ್ನಾಗಿ ಬಯ್ದು, ಅದೇ ಬಸ್ಸು ಹತ್ತುತ್ತಿದ್ದರು. ಕಾನ್ವೆಂಟಿನ ಬೋರ್ಡಿಂಗಿಗೆ ಹೊರಟ ನಾನೂ.

ಆಮೇಲೆ ಒಬ್ಬ ಮ್ಯಾನೇಜರು ಬಂದ. ಟೈ ಕಟ್ಟಿದ ಗೂಬೆ. ಮಾಲೀಕರು ಬೀದಿಯಲ್ಲಿ ನಿಂತು ಮಾತಾಡಿದರೆ ಡಿಗ್ನಿಟಿ ಹೋಗುತ್ತದೆಂದು ಅವರನ್ನು ಆಫೀಸಿನ ಮಹಡಿ ಹತ್ತಿಸಿದ. ಇವರೂ ಹತ್ತಿ ಕೂತರಲ್ಲ! ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಒಂದು ದಿನ ಬಸ್ಸು ಹಳ್ಳಕ್ಕೆ ಇಳಿದು ಮುದುಕರೊಬ್ಬರ ಕೈ ಮುರಿಯಿತು. ಬ್ರೇಕೇ ಇರಲಿಲ್ಲವಂತೆ ಎಂದು ಊರೆಲ್ಲ ಗುಲ್ಲು. ಸಾಹುಕಾರರು ಕೆಳಗಿಳಿದು ಎರಡು ಮಾತು ಆಡಿದ್ದರೆ ಬಸ್ಸು ಉಳಿಯುತ್ತಿತ್ತು. ಇಳಿದದ್ದು ಒಂದು ಇಂಗ್ಲಿಷ್ ನೋಟಿಸು: ‘ದಿ ಪ್ರೊಪ್ರೈಟರ್ ಡೀಪ್ಲಿ ರಿಗ್ರೆಟ್ಸ್…’ ಓದಿ ಹೇಳೆಂದು ಜನ ನನ್ನನ್ನು ಮುಂದಕ್ಕೆ ತಳ್ಳಿದರು. ಹನ್ನೊಂದು ವರ್ಷದ ಪಂಡಿತೆ ನಾನು; ‘ರಿಗ್ರೆಟ್’ ಎಂಬುದನ್ನು ಕಪ್ಪು ಅಂಚಿನ ಸಾವಿನ ಕಾರ್ಡಿನಲ್ಲಿ ಮಾತ್ರ ಕಂಡಿದ್ದೆ. ತಲೆ ತಗ್ಗಿಸಿ, “ಸಾಹುಕಾರ್ರು… ತುಂಬಾ ವಿಷಾದ… ಬಸ್ಸು ನಿಂತಿದೆ” ಅಂದೆ.

ದೊಡ್ಡಬೆಳವಂಗಲದಿಂದ ಸೊಪ್ಪು ತರುತ್ತಿದ್ದ ಅಜ್ಜಿ ಬುಟ್ಟಿ ಕೆಳಗಿಟ್ಟರು. “ಅಯ್ಯೋ ಶಿವನೇ, ಸಾವ್ಕಾರ್ರು ಹೋಗ್ಬಿಟ್ರಾ?”

ಗಳಿಗೆಯಲ್ಲಿ ಹಾರ ಬಂತು. ಬ್ರೇಕಿನ ಗುಲ್ಲೆಬ್ಬಿಸಿದವರೇ ಕಣ್ಣೊರೆಸುತ್ತಾ ಆಫೀಸಿನ ಮುಂದೆ ನಿಂತರು. ಗದ್ದಲ ಕೇಳಿ ಮಹಡಿಯ ಕಿಟಕಿ ತೆರೆಯಿತು. ಸಾಹುಕಾರರು! ಮಸಿಯಿಲ್ಲದ, ಬಿಳಿಚಿದ ಮುಖ.

“ಬದುಕವ್ರೆ ಕಣ್ರೋ!” ಅಜ್ಜಿ ಕಿರುಚಿದರು. “ಇಳ್ದು ಬನ್ನಿ ಸಾವ್ಕಾರ್ರೇ, ನಿಮ್ಮನ್ನ ಬಯ್ಬೇಕು!”

ಜನ ನಕ್ಕರು. ಆ ನಗುವಿನಲ್ಲಿ ಎಲ್ಲ ಮುಗಿದುಹೋಗಬಹುದಿತ್ತು… ಸಾಹುಕಾರರು ಬಾಯಿ ತೆರೆದರು. ಹಿಂದಿನಿಂದ ಕೋಟು ತೊಟ್ಟ ಒಂದು ಕೈ ಬಂದು ಕಿಟಕಿ ಎಳೆದುಕೊಂಡಿತು. ಅಜ್ಜಿ ತುಸುಹೊತ್ತು ಕಾದರು. ಆಮೇಲೆ ಹಾರವನ್ನು ಆಫೀಸಿನ ಚಿಲಕಕ್ಕೆ ಸಿಕ್ಕಿಸಿ, ಬುಟ್ಟಿ ಎತ್ತಿಕೊಂಡು ರೈಲ್ವೆ ಸ್ಟೇಷನ್ನಿನ ಕಡೆ ನಡೆದುಬಿಟ್ಟರು. ಜನವೂ ಅವರ ಹಿಂದೆ.

ಆ ಬಸ್ಸು ಮತ್ತೆ ಹೊರಡಲಿಲ್ಲ. ಮೊನ್ನೆ ಲಿಫ್ಟಿನ ಕಾಗದ ಹರಿದು ಹಾಕಿ, ಮೆಟ್ಟಿಲು ಹತ್ತುತ್ತಾ ಮಂಡಿ ಹಿಡಿದುಕೊಂಡಾಗ ನೆನಪಾದದ್ದು ಆ ತೆರೆದ ಬಾಯಿ. ನಾನು ಅವರನ್ನು ಕಂಡದ್ದು ಅದೇ ಕೊನೆ… ಏನು ಹೇಳಹೊರಟಿದ್ದರೋ.